ಎಡಗೈ ಮರೆಯ ನಗು

ನನ್ನ ಅಕ್ಕನ ಮೇಲಿನ ಸಾಲಿನ ಎದುರು ಹಲ್ಲು ಓರೆಯಾಗಿ ಅರ್ಧ ಮುರಿದಿತ್ತು. ಅದರ ಪಕ್ಕದ ಹಲ್ಲಿನ ತುದಿಯಲ್ಲಿ ಒಂದು ಸಣ್ಣ ಕಚ್ಚು, ಹೊಲಿಗೆಯ ನೂಲು ಸರಿಯಾಗಿ ಕೂರುವಷ್ಟೇ ಅಗಲ. ಹಲ್ಲು ಮುರಿದದ್ದು ಒಂದು ಕ್ಷಣದಲ್ಲಿ. ಕಚ್ಚು ಬಿದ್ದದ್ದು ಮೂವತ್ತೈದು ವರ್ಷಗಳಲ್ಲಿ, ರವಿಕೆಗಳಿಗೆ ಹುಕ್ಕು ಹೊಲಿದು ನೂಲನ್ನು ಹಲ್ಲಿನಿಂದಲೇ ಕಡಿದು ಕಡಿದು. ನಗು ಬಂದರೆ ಅವಳ ಎಡಗೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಕುತ್ತಿಗೆಯಲ್ಲಿ ಯಾವಾಗಲೂ ಅಳತೆ ಟೇಪು ಇರುತ್ತಿದ್ದುದರಿಂದ ಕೈಯ ಜೊತೆಗೆ ಅದರ ತುದಿಯೂ ಮೇಲೇರುತ್ತಿತ್ತು. ಹಳದಿ ಟೇಪಿನ ಹಿಂದೆ ಅವಳ ಹೆಗಲು ಮಾತ್ರ ಕುಲುಕುವುದು ಕಾಣುತ್ತಿತ್ತು.

ತಲ್ಲೂರಿನಲ್ಲಿ ಹೆದ್ದಾರಿಯ ಬದಿಗೆ ಅವಳದು ಒಂದೇ ಕೋಣೆಯ ಹೊಲಿಗೆ ಅಂಗಡಿ. ಗಂಡಸರ ಬಟ್ಟೆ ಮುಟ್ಟುತ್ತಿರಲಿಲ್ಲ. ದೂರದ ಕೊಕ್ಕರ್ಣೆಗೆ ಮದುವೆಯಾಗಿ ಹೋದ ಹುಡುಗಿಯರೂ ತವರಿಗೆ ಬಂದಾಗ ರವಿಕೆ ಬಟ್ಟೆ ಹಿಡಿದುಕೊಂಡು ಅವಳ ಬಳಿಗೇ ಬರುತ್ತಿದ್ದರು. ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳುವವರನ್ನು ಕಂಡರೆ ಅವಳಿಗೆ ಆಗದು. "ಉಸ್ರ್ ಬಿಡಿ ಮಾರಾಯ್ರೆ. ನಾಳೆ ನೀವ್ ಊಟಕ್ಕೆ ಕೂಕಂಬತಿಗೆ ನಾನ್ ಬಂದ್ ಹೊಲ್ಗಿ ಬಿಚ್ಚುಕಾತ್ತಾ?" ಎನ್ನುತ್ತಿದ್ದಳು. ಕೆಲಸ ಕಲಿಯಲು ಬರುವ ಹುಡುಗಿಯರಿಗೆ ಹೇಳುತ್ತಿದ್ದದ್ದು ಮುಖ್ಯವಾಗಿ ಒಂದೇ ಮಾತು: "ಹೊಲ್ಗಿ ತಪ್ಪಿರೆ ಬಿಚ್ಚುಕೆ ನಾಚ್ಕಂಬ್ಯಾಡಿ. ತಪ್ಪಿದ್ದ್ರ್ ಮೇಲೆ ಹೊಲಿತಾ ಹ್ವಾರೆ ಇಡೀ ರವ್ಕಿಯೇ ಓರೆ."

ಆ ಮಾತನ್ನು ನಾನು ಸಾವಿರ ಸಲ ಕೇಳಿದ್ದೇನೆ. ಕೇಳಿಯೂ ನಲವತ್ತೆರಡು ವರ್ಷ ತಪ್ಪಿದ ಹೊಲಿಗೆಯ ಮೇಲೆಯೇ ಹೊಲಿಯುತ್ತ ಬಂದೆ.

ಅವಳ ಹಲ್ಲು ಮುರಿದವನು ನಾನು. ನನಗಾಗ ಎಂಟು ವರ್ಷ, ಅವಳಿಗೆ ಹದಿನಾಲ್ಕು. ಮನೆಯ ಬಾವಿಕಟ್ಟೆಯ ಮೇಲೆ ಕುಳಿತು ಅವಳು ಹಿತ್ತಾಳೆ ಚೊಂಬನ್ನು ಬಾಯಿಗೆ ಕಚ್ಚಿ ನೀರು ಕುಡಿಯುತ್ತಿದ್ದಳು. ಹೆದರಿಸೋಣವೆಂದು ನಾನು ಹಿಂದಿನಿಂದ ಹೋಗಿ ಅವಳ ತಲೆಯನ್ನು ನೂಕಿದೆ. ಚೊಂಬಿನ ಕಂಠ ಹಲ್ಲಿಗೆ ಬಡಿದ ಶಬ್ದ ಈಗಲೂ ನನ್ನ ಕಿವಿಯಲ್ಲಿದೆ. ಅಮ್ಮ ಕೈಗೆ ಸಿಕ್ಕಿದ್ದರಲ್ಲಿ ಬಾರಿಸುವವಳು. ಅವಳು ಓಡಿ ಬರುವಷ್ಟರಲ್ಲಿ ಅಕ್ಕ ರಕ್ತದ ಬಾಯಲ್ಲೇ ಹೇಳಿಬಿಟ್ಟಳು, "ಪಾಚಿಗೆ ಕಾಲ್ ಜಾರ್ತ್ ಅಮ್ಮ." ನಾನು ಸುಮ್ಮನಿದ್ದೆ. ಆ ದಿನದಿಂದ ಅಮ್ಮ ವಾರಕ್ಕೊಮ್ಮೆ ಕೂತು ಬಾವಿಕಟ್ಟೆಯನ್ನು ತೆಂಗಿನ ಸಿಪ್ಪೆ ಹಾಕಿ ತಿಕ್ಕುತ್ತಿದ್ದಳು. ಸೊಂಟ ಬಗ್ಗದಂತಾಗುವವರೆಗೂ ತಿಕ್ಕಿದಳು. ಇಲ್ಲದ ಪಾಚಿಯನ್ನು ಅವಳು ತಿಕ್ಕುವುದನ್ನು ನೋಡುತ್ತಲೂ ನಾನು ಸುಮ್ಮನಿದ್ದೆ.

ಅಕ್ಕನನ್ನು ನೋಡಲು ಎರಡು ಕಡೆಯವರು ಬಂದಿದ್ದರು. ಎರಡನೆಯವರು ಹೋಗುವಾಗ ಅಂಗಳದಲ್ಲಿ ನಿಂತು, "ಹೆಣ್ಣ್ ಒಳ್ಳೇದೇ, ಹಲ್ಲೊಂದ್ ಹಂಗಿಲ್ದಿದ್ರೆ..." ಎಂದದ್ದು ಒಳಗಿದ್ದ ನಮಗೆ ಕೇಳಿಸಿತು. ಮೂರನೆಯವರು ಬರುತ್ತೇವೆಂದಾಗ ಅವಳೇ ಬೇಡವೆಂದಳು. ಹೊಲಿಗೆ ಮೆಷಿನ್ ತಂದಳು. ನಾನು ಏಳನೆಯದಕ್ಕೆ ಶಾಲೆ ಬಿಟ್ಟು ಲಾರಿಯಲ್ಲಿ ಕ್ಲೀನರ್ ಆದೆ, ಆಮೇಲೆ ಸ್ವಂತ ಟೆಂಪೋ ಮಾಡಿದೆ, ಮದುವೆಯಾದೆ. ಅಕ್ಕ ನಮ್ಮ ಜೊತೆಯಲ್ಲೇ ಇದ್ದಳು. ನನ್ನ ಮಗಳು ನಡೆಯಲು ಕಲಿತದ್ದು ಅತ್ತೆಯ ಮೆಷಿನ್ನಿನ ಕಾಲು ಹಿಡಿದುಕೊಂಡು.

ಆ ಮಗಳಿಗೆ ಬ್ರಹ್ಮಾವರದಿಂದ ಸಂಬಂಧ ಬಂತು. ಹುಡುಗನ ಮನೆಯವರು ಹೋಟೆಲ್ ವ್ಯಾಪಾರಸ್ಥರು, ಅನುಕೂಲವಂತರು. ಮಾತು ಮುಗಿಸಲು ಬಂದ ದಿನ ಯಾರೋ ಏನೋ ತಮಾಷೆ ಮಾಡಿದರು. ಅಕ್ಕನ ಎರಡು ಕೈಯಲ್ಲೂ ಕಾಫಿ ತಟ್ಟೆ ಇತ್ತು. ಮುಚ್ಚಿಕೊಳ್ಳಲು ಕೈ ಇಲ್ಲದೆ ಅವಳು ಬಾಯಿ ತೆರೆದೇ ನಕ್ಕಳು. ಹುಡುಗನ ಚಿಕ್ಕಮ್ಮ ಅವಳ ಬಾಯಿಯನ್ನೇ ನೋಡಿ ತಟ್ಟನೆ ಕಣ್ಣು ತಿರುಗಿಸಿದಳು. ಅಕ್ಕನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕೆಂದು ಇಷ್ಟು ವರ್ಷಗಳಲ್ಲಿ ನನಗೆ ಹೊಳೆದದ್ದು ಆಗಲೇ. ಅವಳಿಗಾಗಿ ಅಲ್ಲ, ನನ್ನ ಮರ್ಯಾದೆಗಾಗಿ.

ಕುಂದಾಪುರದ ಆ ಡಾಕ್ಟರು ಬೈಂದೂರು ಕಡೆಯ ಹುಡುಗಿ. ಅಕ್ಕನನ್ನು ಕುರ್ಚಿಯಲ್ಲಿ ಒರಗಿಸಿ, ಕೈಗೆ ಕನ್ನಡಿ ಕೊಟ್ಟು, ಹೆದರಬೇಡಿ ಎಂದಳು. ಎಕ್ಸ್‌ರೇ ತೆಗೆದು, ಹಲ್ಲಿನ ಬೇರು ಚೆನ್ನಾಗಿಯೇ ಇದೆ ಎಂದಳು. ಆಮೇಲೆ ಕೇಳಿದಳು, "ಇದ್ ಹ್ಯಾಂಗೆ ಮುರ್ದದ್ದ್ ಅಮ್ಮ?"

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಸಣ್ಣದಿಪ್ಪತಿಗೆ ಬಾವಿಕಟ್ಟೆಗೆ ಜಾರಿ ಬಿದ್ದದ್ದ್," ಎಂದಳು ಅಕ್ಕ. ಅಮ್ಮ ತೀರಿಹೋಗಿ ವರ್ಷಗಳಾಗಿದ್ದವು. ಹೊಡೆಯುವವರು ಯಾರೂ ಉಳಿದಿರಲಿಲ್ಲ. ಆದರೂ ಅವಳು ಅದನ್ನೇ ಹೇಳಿದಳು, ನಾನೂ ಹಾಗೆಯೇ ಕೂತೆ.

"ಮೂರ್ ದಾರಿ ಇತ್ತ್ ಕಾಣಿ," ಎಂದು ಡಾಕ್ಟರು ಬಿಡಿಸಿ ಹೇಳಿದಳು. "ಒಂದ್, ಹಲ್ಲಿನ ಬಣ್ಣದ್ದೇ ಪೇಸ್ಟ್. ಮುರ್ದ್ ಜಾಗಕ್ಕೆ ಮೆತ್ತಿ, ಆಕಾರ ಮಾಡಿ, ನೀಲಿ ಲೈಟ್ ಹಿಡ್ದ್ರೆ ಗಟ್ಟಿ ಆತ್ತ್. ಇವತ್ತೇ ಮುಗಿತ್ತ್."

"ತೇಪೆ ಹಾಕ್ದಂಗೆ," ಎಂದಳು ಅಕ್ಕ.

"ಹ್ಞಾ, ಹಂಗೇ. ಎರಡನೇದ್ ವಿನೀರ್. ಹಲ್ಲಿನ ಎದ್ರ್ ಬದಿ ಚೂರ್ ಉಜ್ಜಿ, ಉಗ್ರಿನಷ್ಟ್ ತೆಳು ಹಾಳೆ ಮಾಡ್ಸಿ ಅಂಟ್ಸುದ್."

"ಲೈನಿಂಗ್."

"ಲೈನಿಂಗ್ ಒಳ್ಗಲ್ದಾ ಅಮ್ಮ? ಇದ್ ಹೊರ್ಗೆ."

"ಹಂಗಾರೆ ಮೇಲಿಂದ್ ಬಟ್ಟೆಯೇ ಹೊಸ್ತ್. ಮೂರನೇದ್ ಹೇಳಿ ಕಾಂಬ."

"ಕ್ಯಾಪ್. ಸುತ್ತ ಉಜ್ಜಿ ಹಲ್ಲ್ ಸಣ್ಣ ಮಾಡಿ, ಮೇಲೆ ಟೊಪ್ಪಿ ಹಾಕ್ದಂಗೆ ಕೂರ್ಸುದ್. ಗಟ್ಟಿ ಅಂದ್ರೆ ಅದೇ. ಆರೆ ಒಂದ್ಸಲ ಉಜ್ಜಿದ್ದ್ ಮತ್ತೆ ಬತ್ತಿಲ್ಲೆ."

"ಕತ್ರಿ ಹಾಕಿದ್ ಬಟ್ಟೆ," ಎಂದು ಅಕ್ಕ ತಲೆಯಾಡಿಸಿದಳು. "ಅದ್ ಬ್ಯಾಡ. ಇದ್ದದ್ದ್ ಇರ್ಲಿ. ತೇಪೆ ಸಾಕ್ ನಂಗೆ."

ನಾನು ನಡುವೆ ಬಾಯಿ ಹಾಕಿದೆ. ಎಲ್ಲ ಹಲ್ಲನ್ನೂ ಬೆಳ್ಳಗೆ ಮಾಡಲು ಬರುವುದಿಲ್ಲವೇ ಎಂದೆ. ಬರುತ್ತದೆ, ಆದರೆ ಬಿಳಿ ಮಾಡುವುದಿದ್ದರೆ ಅದು ಮೊದಲು ಆಗಬೇಕು, ಈ ಪೇಸ್ಟು ಒಮ್ಮೆ ಗಟ್ಟಿಯಾದರೆ ಆಮೇಲೆ ಬಣ್ಣ ಬದಲಿಸದು ಎಂದಳು ಡಾಕ್ಟರು. ಅಕ್ಕ ನನ್ನ ಕಡೆ ತಿರುಗಿದಳು. "ಹ್ವಾಯ್, ಮದಿ ನಂದಾ ನಿನ್ನ್ ಮಗಳದ್ದಾ? ಸಿನೆಮಾದರ್ ಹಲ್ಲ್ ನಂಗೆಂತಕ್?"

ಬಣ್ಣ ಹೊಂದಿಸಲು ಡಾಕ್ಟರು ಸಾಲಾಗಿ ಹಲ್ಲುಗಳನ್ನು ಜೋಡಿಸಿದ ಒಂದು ಪಟ್ಟಿ ತಂದು ಅಕ್ಕನ ಬಾಯಿಯ ಹತ್ತಿರ ಹಿಡಿದಳು. ಬೆಳ್ಳಗಿನದ್ದನ್ನು ತೋರಿಸಿ ನಾನು ಅದೇ ಇರಲಿ ಎಂದೆ. ಅಕ್ಕ ಎದ್ದೇ ಬಿಟ್ಟಳು. "ಟ್ಯೂಬ್‌ಲೈಟ್ ಅಡಿಗೆ ಬಣ್ಣ ಕಾಂಬುಕಾಗ ಡಾಕ್ಟ್ರೆ. ಬಾಗ್ಲಿಗ್ ಬನ್ನಿ." ನೂಲಿನ ಬಣ್ಣ ಹೊಂದಿಸಲು ದಿನವೂ ಅಂಗಡಿಯ ಬಾಗಿಲಿಗೆ ಹೋಗುವವಳು ಅವಳು. ಇಬ್ಬರೂ ಬಾಗಿಲಲ್ಲಿ ಬೆಳಕಿಗೆ ನಿಂತರು. ಕನ್ನಡಿ ಹಿಡಿದು, ಪಟ್ಟಿಯನ್ನು ಹಲ್ಲಿಗೆ ತಾಗಿಸಿ, ಸ್ವಲ್ಪ ಹಳದಿ ಇದ್ದ ಒಂದನ್ನು ಅವಳೇ ಆರಿಸಿದಳು. "ನಾನೂ ಇದನ್ನೇ ಹೇಳ್ತಿದ್ದೆ," ಎಂದು ಡಾಕ್ಟರು ನಕ್ಕಳು.

ಒಂದೂವರೆ ತಾಸಿನಲ್ಲಿ ಮುರಿದದ್ದು ತುಂಬಿತು, ಕಚ್ಚೂ ಮುಚ್ಚಿತು. ಕಡೆಯಲ್ಲಿ ಡಾಕ್ಟರು ಎಚ್ಚರಿಸಿದಳು. ಹಲ್ಲಿನಿಂದ ನೂಲು ಕಡಿಯಬಾರದು, ಕಡಿದರೆ ತುಂಡಾಗುತ್ತದೆ. ಹಾಗೆಂದು ಅಕ್ಕನ ಬಾಯಿಂದಲೇ ಮೂರು ಸಲ ಹೇಳಿಸಿದಳು.

ಮನೆಗೆ ಬರುವಾಗ ಟೆಂಪೋದಲ್ಲಿ ಅಕ್ಕ ನಾಲಗೆಯಿಂದ ಹಲ್ಲನ್ನು ತಡವುತ್ತ, ಪಕ್ಕದ ಕನ್ನಡಿಯಲ್ಲಿ ಬಗ್ಗಿ ನೋಡಿಕೊಳ್ಳುತ್ತ ಇದ್ದಳು. ನಗು ಬಂತು. ಎಡಗೈ ಮೇಲೆ ಹೋಯಿತು. "ಕಾಣ್, ಹಲ್ಲ್ ಸರಿ ಆಯ್ತ್, ಕೈಗೆ ಗೊತ್ತಾಯ್ಲಿಲ್ಲೆ," ಎಂದಳು. ಅಂಗಡಿಯಲ್ಲಿ ಸಣ್ಣ ಕತ್ತರಿಗೆ ದಾರ ಕಟ್ಟಿ ಟೇಪಿನ ಜೊತೆ ಕುತ್ತಿಗೆಗೆ ನೇತು ಹಾಕಿಕೊಂಡಳು. ಮೂರು ವಾರ ಕಳೆದಿರಬಹುದು. ಒಂದು ಮಧ್ಯಾಹ್ನ ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ ಅವಳು ಅಂಗಡಿಯ ಬಾಗಿಲಲ್ಲಿ ಯಾರೊಡನೆಯೋ ನಗುತ್ತ ನಿಂತದ್ದು ಕಂಡಿತು. ಕೈ ಸೊಂಟದ ಮೇಲಿತ್ತು. ನಾನು ಟೆಂಪೋ ನಿಧಾನ ಮಾಡಿ ನೋಡಿದೆ. ನನ್ನ ತಪ್ಪು ಅಲ್ಲಿಗೆ ಮುಗಿಯಿತು, ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ಅಂದುಕೊಂಡೆ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಮಗಳು ಧಾರೆಯ ರವಿಕೆ ತೊಟ್ಟು ನೋಡಿದಳು. ಬೆನ್ನಿನ ಒಂದು ಹುಕ್ಕು ಸಡಿಲವಾಗಿತ್ತು. ಅಕ್ಕ ಅವಳ ಮೈಮೇಲೆಯೇ ಹೊಲಿಯತೊಡಗಿದಳು. ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ಬಟ್ಟೆ, ಕುತ್ತಿಗೆಯ ಕತ್ತರಿ ಸೆರಗಿನ ಮಡಿಕೆಯ ಅಡಿಯಲ್ಲಿ ಎಲ್ಲೋ. ಗಂಟು ಹಾಕಿದವಳು ಬಗ್ಗಿ ನೂಲನ್ನು ಕಚ್ಚಿದಳು. ಮೂವತ್ತೈದು ವರ್ಷದ ಅಭ್ಯಾಸ. ಟಕ್ ಎಂದಿತು. ಎರಡೂ ಹಲ್ಲಿನ ತೇಪೆ ಒಟ್ಟಿಗೇ ಕಿತ್ತು ಮಗಳ ಹೆಗಲ ಮೇಲೆ ಬಿತ್ತು.

"ಅಯ್ಯೋ, ಅತ್ತೆ!" ಎಂದಳು ಮಗಳು.

ಅಕ್ಕ ಹಲ್ಲು ಮುಟ್ಟಿ ನೋಡಿಕೊಂಡು, "ಹೋಯ್ತ್. ಆರೆ ಹುಕ್ಕ್ ಗಟ್ಟಿ ಆಯ್ತ್ ಕಾಣ್," ಎಂದು ನಗಲು ಹೊರಟಳು. ಬಾಗಿಲಲ್ಲಿದ್ದ ನಾನು ಆ ನಗುವನ್ನು ಅರ್ಧಕ್ಕೇ ನಿಲ್ಲಿಸಿದೆ.

"ಒಂದ್ ತಿಂಗ್ಳ್ ಜಾಗ್ರತೆ ಮಾಡುಕಾಯ್ಲಿಲ್ಯಾ ನಿಂಗೆ? ನಾಳೆ ಅವ್ರ್ ಕಡೆಯರೆಲ್ಲ ಬತ್ರ್. ಫೋಟೋ ತೆಗುವತಿಗೆ ಬಾಯಿ ಮುಚ್ಕಂಡ್ ನಿಲ್ಲ್."

ಅವಳು ನನ್ನನ್ನು ನೋಡಿದಳು. ನೀನು ಮುರಿದದ್ದಲ್ಲವೇ ಎನ್ನಬಹುದಿತ್ತು. ಅನ್ನಲಿಲ್ಲ. "ಆಯ್ತ್ ಮಾರಾಯ," ಎಂದಳು, ಅಷ್ಟೇ. ಹೇಳಿದ ಹಾಗೆಯೇ ಮಾಡಿದಳು. ಮದುವೆಯ ಆಲ್ಬಮ್ಮಿನಲ್ಲಿ ಅವಳಿರುವ ಹನ್ನೊಂದು ಫೋಟೋಗಳಿವೆ. ಹನ್ನೊಂದರಲ್ಲೂ ತುಟಿ ಬಿಗಿದಿದೆ.

ಮದುವೆ ಮುಗಿದ ಮೇಲೆ ಡಾಕ್ಟರಲ್ಲಿಗೆ ಹೋಗೋಣವೇ ಎಂದು ಒಮ್ಮೆ ಕೇಳಿದೆ. ಮತ್ತೆ ಮೆತ್ತಿದರೆ ಆಗುವ ಕೆಲಸವೇ. "ಮದಿ ಮುಗಿತಲೆ, ಇನ್ನೆಂತಕ್?" ಎಂದಳು. ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಆದರೂ ನಾನು ಎರಡನೆಯ ಸಲ ಕೇಳಲಿಲ್ಲ.

ಆರು ತಿಂಗಳು ಕಳೆದು ಒಂದು ಭಾನುವಾರ ಮಗಳು ಮನೆಗೆ ಬಂದಿದ್ದಳು. ಅಂದು ತಪ್ಪಾಯಿತೆಂದು ಹೇಳಿಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ನಾನು ಜಗಲಿಯಲ್ಲಿ ಅಕ್ಕನ ಎದುರು ಕೂತೆ. ಟೇಪು ಕುತ್ತಿಗೆಯಲ್ಲೇ ಇತ್ತು. ಭಾನುವಾರವೂ ಅದನ್ನು ಬಿಚ್ಚಿದವಳಲ್ಲ. "ಅಕ್ಕ, ಆ ಬಾವಿಕಟ್ಟೆ..." ಎಂದೆ. ಅಷ್ಟಕ್ಕೇ ನಿಲ್ಲಿಸಿ ಅಂಗಳದ ಕಡೆ ನೋಡಿದೆ. ಅವಳಿಗೆ ಗೊತ್ತಾಯಿತು. ಗೊತ್ತಾಗಿಯೇ ನನಗೆ ತಪ್ಪಿಸಿಕೊಳ್ಳಲು ದಾರಿ ಬಿಟ್ಟುಕೊಟ್ಟಳು. "ಪಾಪ ಅಮ್ಮ, ಹ್ಯಾಂಗ್ ತಿಕ್ತಿದ್ದಳ್ ಕಾಣ್! ನಮ್ಮನೆ ಕಂಚಿನ್ ಬಟ್ಲೂ ಹಂಗೆ ಹೊಳಿತಿರ್ಲಿಲ್ಲೆ," ಎಂದು ಜೋರಾಗಿ ನಕ್ಕಳು. ಮಗಳು ಮೊಬೈಲಿನಲ್ಲಿ ಆ ನಗುವಿನ ಫೋಟೋ ತೆಗೆದಳು. ನಾನೂ ನಕ್ಕೆ. ಹೇಳಬೇಕಾದ್ದು ಹಾಗೆಯೇ ಉಳಿಯಿತು.

ಮುಂದಿನ ವರ್ಷ ಅಕ್ಕ ಅಂಗಡಿಯಲ್ಲೇ, ಮೆಷಿನ್ನಿನ ಮೇಲೆ ತಲೆ ಇಟ್ಟು ಹೋಗಿಬಿಟ್ಟಳು. ಹೃದಯ ನಿಂತಿತು ಎಂದರು. ಬೆರಳಿನ ಹತ್ತಿರ ಅರ್ಧ ಹೊಲಿದ ತೋಳಿತ್ತು.

ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು. ಆಲ್ಬಮ್ಮಿನದ್ದು ಒಂದೂ ಅವಳಂತೆ ಕಾಣಲಿಲ್ಲ. ಮಗಳು ತನ್ನ ಮೊಬೈಲಿನಲ್ಲಿದ್ದ ಜಗಲಿಯ ಫೋಟೋ ತೋರಿಸಿದಳು. ಇಬ್ಬರೂ ಅದನ್ನು ಹಿಡಿದುಕೊಂಡು ಸ್ಟುಡಿಯೋಗೆ ಹೋದೆವು. ಸ್ಟುಡಿಯೋದವರು ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರು. ಪರದೆಯ ತುಂಬ ಅಕ್ಕನ ಬಾಯಿ, ಓರೆ ಹಲ್ಲು, ಪಕ್ಕದ ಕಚ್ಚು.

"ಈ ಹಲ್ಲೊಂದ್ ಸರಿ ಮಾಡಿ ಕೊಡ್ಲಾ ಅಣ್ಣ? ಎರಡ್ ನಿಮಿಷದ್ ಕೆಲ್ಸ. ಬೆಳ್ಳಗೂ ಮಾಡ್ಲಕ್ಕ್," ಎಂದರು.

"ಬ್ಯಾಡ. ಹಂಗೇ ಇರ್ಲಿ," ಎಂದೆ.

"ಎಂತ, ಬಿದ್ದದ್ದಾ?"

"ಹೌದ್," ಎಂದಳು ಮಗಳು. "ಸಣ್ಣದಿಪ್ಪತಿಗೆ ಬಾವಿಕಟ್ಟೆಗೆ ಜಾರಿದ್ದಂಬ್ರ್."

"ಜಾರಿದ್ದಲ್ಲ," ಎಂದೆ. "ನಾನ್ ನೂಕಿದ್ದ್."

ಮಗಳು ತಿರುಗಿ ನನ್ನನ್ನು ನೋಡಿದಳು. ಸ್ಟುಡಿಯೋದವರು ಮೌಸಿನ ಮೇಲಿಂದ ಕೈ ತೆಗೆದರು. ಉಳಿದದ್ದನ್ನೂ ಹೇಳಿದೆ. ಚೊಂಬು, ರಕ್ತ, ಅಮ್ಮ ತಿಕ್ಕಿದ ಕಟ್ಟೆ, ಎಲ್ಲವನ್ನೂ. ಕೇಳಬೇಕಾದವಳು ಪರದೆಯ ಮೇಲೆ ನಗುತ್ತಿದ್ದಳು.

ಅಂಗಡಿಯನ್ನು ಈಗ ಅವಳ ಹತ್ತಿರ ಕೆಲಸ ಕಲಿತ ಹುಡುಗಿಯೊಬ್ಬಳು ನಡೆಸುತ್ತಾಳೆ. ಫೋಟೋ ಅಲ್ಲಿಯೇ, ಮೆಷಿನ್ನಿನ ಎದುರು ಗೋಡೆಯಲ್ಲಿದೆ. ಹಲ್ಲು ಇದ್ದ ಹಾಗೆಯೇ ಇದೆ. ಎಡಗೈ ಟೇಪಿನ ತುದಿ ಹಿಡಿದುಕೊಂಡು ಮೇಲೇಳುತ್ತಿದೆ. ಎದೆಯ ತನಕ ಬಂದಿದೆ, ಬಾಯಿಗೆ ಇನ್ನೂ ತಲುಪಿಲ್ಲ.