ಪ್ರಾಕ್ಸಿ ಸರ್ವರ್ ಸೋರಿದ ದಿನ

ಗೆಳೆಯರೇ, ನಾರಾಯಣಖೇಡದ ನನ್ನ ಆನ್‌ಲೈನ್ ಸೆಂಟರಿನಲ್ಲಿ ಓದು ಬಾರದವರಿಗೆ ಪರದೆಯಲ್ಲಿ ಬಂದದ್ದನ್ನು ಗಟ್ಟಿಯಾಗಿ ಓದಿ ಹೇಳುವುದು ರೂಢಿ. ಇವತ್ತು ಮನೂರಿನ ಕಾಕಾ ಒಬ್ಬರ ಪಹಣಿ ತೆರೆದರೆ ಬೇರೇನೋ ಬಂತು. ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ: "ಶಾಂತಮ್ಮ, ಕಂಗ್ಟಿ, ಕ್ಯಾನ್ಸರ್..."

ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಗಸು ಎದ್ದು ನಿಂತರು. "ತಮ್ಮಾ, ಅದು ನಂದೇ ಹೆಸರದ. ಮಗ ಬರೇ ಗ್ಯಾಸ್ ಅಂದಿದ್ದ. ನನಗ ಗೊತ್ತಾಗ್ಯಾದಂತ ಅವನಿಗಿ ಹೇಳಬ್ಯಾಡಪ್ಪ."

ಅವರ ಮಗ ಬೆಳಿಗ್ಗೆ ಇಲ್ಲೇ ಆಸ್ಪತ್ರೆಯ ರಿಪೋರ್ಟ್ ನೋಡಿ ಹೋಗಿದ್ದ. ಸೆಂಟರಿನ ಎಲ್ಲ ಕಂಪ್ಯೂಟರುಗಳಿಗೂ ಇಂಟರ್‌ನೆಟ್ಟಿನಿಂದ ಪುಟ ತಂದುಕೊಡುವ ನಮ್ಮ ಪ್ರಾಕ್ಸಿ ಸರ್ವರಿನ ಸಾಫ್ಟ್‌ವೇರಿನಲ್ಲಿ ದೋಷವಂತೆ. ಮೆಮೊರಿಯಲ್ಲಿ ಉಳಿದ ಒಬ್ಬರ ಪುಟವನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತದಂತೆ. ಕೂಡಲೇ ಅದನ್ನು ಸರಿಪಡಿಸುವ ಅಪ್‌ಡೇಟ್ ಹಾಕಿದೆ.

ಸಂಜೆ ಮಗ ಬಂದ. "ಅಣ್ಣಾ, ರಿಪೋರ್ಟಿನ ಸುದ್ದಿ ಅವ್ವಗ ಗೊತ್ತಾಗಬಾರ್ದು."

"ಇಲ್ಲಿಂದ ಏನೂ ಹೊರಗ ಹೋಗಂಗಿಲ್ಲ," ಎಂದೆ.

ಅಪ್‌ಡೇಟ್ ಹಾಕಿದ ಮೇಲೆ ಅದು ಸುಳ್ಳೂ ಅಲ್ಲ.