ಜೂನ್ ಒಂದರಂದು ಹುಟ್ಟಿದವರು

ನನ್ನ ಹಳೆಯ ಶಿಷ್ಯೆಯೊಬ್ಬಳ ಫೋನಿಗೆ, ಅವಳ ಬಲಗಣ್ಣಿನ ಪೊರೆಯ ಆಪರೇಷನ್ ಯಶಸ್ವಿಯಾಗಿ ಮುಗಿದಿದೆ ಎಂದು ಮೆಸೇಜು ಬಂತು. ಅದರಲ್ಲಿ ಏನಿದೆ ಓದಿ ಹೇಳಿ ಎಂದು ಅವಳು ಹೊಣಕೆರೆ ಕಡೆಯಿಂದ ಬಸ್ಸು ಹತ್ತಿ ನಾಗಮಂಗಲದ ನಮ್ಮ ಮನೆಗೆ ಬಂದಳು. ತಾನೇ ಓದಿಕೊಳ್ಳಲು ಕಣ್ಣು ಕಾಣುತ್ತಿರಲಿಲ್ಲ. ಯಾಕೆಂದರೆ ಆಪರೇಷನ್ನೇ ಆಗಿರಲಿಲ್ಲ.

"ಆಪರೇಷನ್ ಆಗಿದೆಯಂತೆ, ಬೇಗ ಗುಣವಾಗಲಿ ಅಂತ ಹಾರೈಸಿದ್ದಾರೆ ಕಣವ್ವಾ," ಅಂದೆ.

"ಆಗೋಗದೆ ಅಂತಾವ್ರಾ? ಯಾವಾಗ್ ಮಾಡುದ್ರು ಸಾ? ಆಗ ನಾನೆಲ್ಲಿದ್ದೆ?"

ಆಸ್ಪತ್ರೆಗೆ ಹೋಗಿ ವಿಚಾರಿಸಿದಾಗ ಗುಟ್ಟು ತಿಳಿಯಿತು. ಅವಳ ಊರಿನಲ್ಲಿ ಅವಳದೇ ಹೆಸರಿನ, ಅವಳದೇ ವಾರಿಗೆಯ ಇನ್ನೊಬ್ಬಳಿದ್ದಾಳೆ. ಆ ಊರಿನವರು ಗ್ರಾಮದೇವತೆಯ ಹೆಸರನ್ನು ಮನೆಗೊಂದರಂತೆ ಹಂಚಿಕೊಂಡವರು. ಇಬ್ಬರ ಅಪ್ಪಂದಿರಿಗೂ ಒಂದೇ ಹೆಸರು, ಅದೂ ದೇವರದ್ದೇ. ಊರಿನಲ್ಲಿ ಇದರಿಂದ ಯಾವತ್ತೂ ಯಾರಿಗೂ ತೊಡಕಾಗಿಲ್ಲ. ನನ್ನ ಶಿಷ್ಯೆ ಮೇಗಲಟ್ಟಿಯವಳು, ಇನ್ನೊಬ್ಬಳು ಕೆಳಗಲಟ್ಟಿಯವಳು, ಅಷ್ಟೇ. ಹಿಂದಿನ ತಿಂಗಳು ಕೆಳಗಲಟ್ಟಿಯವಳು ಬಲಗಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ಆರೋಗ್ಯ ಕಾರ್ಡಿನ ಸಾಫ್ಟ್‌ವೇರು ಹೆಸರು, ಅಪ್ಪನ ಹೆಸರು, ಊರು, ಹುಟ್ಟಿದ ದಿನ ಎಲ್ಲವನ್ನೂ ತಾಳೆ ನೋಡಿ, ಇವರಿಬ್ಬರೂ ಒಬ್ಬಳೇ ಎಂದು ತೀರ್ಮಾನಿಸಿ, ಎರಡು ಕಾರ್ಡನ್ನು ಒಂದು ಮಾಡಿಬಿಟ್ಟಿತ್ತು. ಒಬ್ಬಳಿಗೆ ಬಲಗಣ್ಣು ಒಂದೇ ತಾನೆ? ಅದಕ್ಕೆ ಎರಡು ಸಲ ಆಪರೇಷನ್ ಮಾಡಲು ಬರುವುದಿಲ್ಲವಂತೆ.

ಹುಟ್ಟಿದ ದಿನವೂ ಒಂದೇ ಹೇಗಾಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ. ಅದನ್ನು ಹೇಳಲು ನನಗೆ ಸ್ವಲ್ಪ ಮುಜುಗರವಿದೆ.

ಮೇಗಲಟ್ಟಿಯವಳ ಬಲಗಣ್ಣು ಪೂರ್ತಿ ಮಂಜಾಗಿತ್ತು, ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ಹುಲ್ಲು ಕೊಯ್ಯುವಾಗ ಕುಡುಗೋಲು ಬೆರಳಿಗೆ ತಾಗಿ ಬಟ್ಟೆ ಕಟ್ಟಿಕೊಂಡಿದ್ದಳು. ಸಂಜೆ ಹೊಲದಿಂದ ಬರುವಾಗ ಹಸುವಿನ ಹಗ್ಗ ಹಿಡಿದು ನಡೆದರೆ ಹಸುವೇ ಮನೆ ಸೇರಿಸುತ್ತದೆ ಎಂದು ನಗುನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ. ಸಾಲದ್ದಕ್ಕೆ ಸಕ್ಕರೆ ಕಾಯಿಲೆ ಬೇರೆ. ತಡ ಮಾಡಿದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಕಾರ್ಡು ಸರಿಯಾಗದೆ ಆಸ್ಪತ್ರೆಯ ಕಂಪ್ಯೂಟರು ಅವಳನ್ನು ಒಳಗೆ ಬಿಡುವಂತಿರಲಿಲ್ಲ.

ಹಾಗಾಗಿ ನಾನು ಸಹಾಯವಾಣಿಗೆ ಫೋನು ಹಚ್ಚಿದೆ.

ಕನ್ನಡಕ್ಕೆ ಒಂದನ್ನು ಒತ್ತಿ ಅಂದರು, ಒತ್ತಿದೆ. "ತಮ್ಮ ಕರೆ ನಮಗೆ ಅತ್ಯಮೂಲ್ಯವಾದುದು" ಎಂದು ಒಂದು ಧ್ವನಿ ಹೇಳಿತು. ಮೂವತ್ತೈದು ವರ್ಷ ಕನ್ನಡ ಪಾಠ ಮಾಡಿದ ನಾನೇ ಮನೆಯಲ್ಲಿ ಅಂಥ ಕನ್ನಡ ಆಡಿದವನಲ್ಲ. ಆ ಅಮೂಲ್ಯ ಕರೆಯನ್ನು ಇಪ್ಪತ್ತು ನಿಮಿಷ ಕೊಳಲಿನ ಸಂಗೀತದಲ್ಲಿ ನೆನೆಹಾಕಿದ ಮೇಲೆ ಕೊನೆಗೆ ಒಬ್ಬ ಮನುಷ್ಯ ಸಿಕ್ಕಿದ. ಎಲ್ಲ ವಿವರಿಸಿದೆ. ಅವನು ಗಂಭೀರವಾಗಿ ಕೇಳಿದ:

"ಇಬ್ಬರಲ್ಲಿ ನಿಜವಾದವರು ಯಾರು ಸರ್?"

"ಇಬ್ಬರೂ ನಿಜವಾದವರೇ ಕಣಪ್ಪ."

"ಸಿಸ್ಟಮ್ಮಲ್ಲಿ ಆ ಆಪ್ಷನ್ ಇಲ್ಲ ಸರ್."

ಒಂದು ದೂರಿನ ಸಂಖ್ಯೆ ಕೊಟ್ಟ. ನಮ್ಮ ಮೊಬೈಲ್ ನಂಬರಿಗಿಂತ ಉದ್ದವಿತ್ತು. ಮೂರು ದಿನ ಬಿಟ್ಟು "ನಿಮ್ಮ ದೂರು ತೃಪ್ತಿಕರವಾಗಿ ಬಗೆಹರಿದಿದೆ" ಎಂದು ಮೆಸೇಜು ಬಂತು. ಯಾರ ತೃಪ್ತಿಗೆ ಎಂದು ಬರೆದಿರಲಿಲ್ಲ. ಮತ್ತೆ ಫೋನು ಮಾಡಿದೆ. ಬಗೆಹರಿದ ದೂರನ್ನು ಮತ್ತೆ ತೆರೆಯಲು ಬರುವುದಿಲ್ಲ, ಹೊಸದು ಕೊಡಿ ಅಂದರು. ಕೊಟ್ಟೆ, ಅದೂ ಬಗೆಹರಿಯಿತು. ಹೀಗೆ ನನ್ನ ನಾಲ್ಕು ದೂರು ಬಗೆಹರಿದವು. ಅವಳಿಗೆ ಮಾತ್ರ ಕಣ್ಣು ಕಾಣಲಿಲ್ಲ. ಐದನೆಯ ಸಲ, ಅವಳೂ ನಮ್ಮ ಮನೆಗೆ ಬಂದಿದ್ದಾಗ, ನಾನು ಬಾಯಿಗೆ ಬಂದಂತೆ ಬೈದೆ. ಅತ್ತ ಕಡೆ ಇದ್ದವಳು ಒಬ್ಬ ಹೆಣ್ಣುಮಗಳು. "ಸರ್, ಫಲಾನುಭವಿಯ ಹತ್ತಿರ ಕೊಡಿ" ಅಂದಳು. ಸಿಟ್ಟಿನಿಂದ ಫೋನನ್ನು ನನ್ನ ಶಿಷ್ಯೆಯ ಕೈಗೆ ತುರುಕಿ, ನಾನು ಜಗಲಿಗೆ ಹೋಗಿ ಕೂತೆ.

ಅವಳು ಮಾತಾಡುತ್ತಲೇ ಇದ್ದಳು. ಹಸುವಿನ ವಿಷಯ, ಕುಡುಗೋಲಿನ ವಿಷಯ, ಕೆಳಗಲಟ್ಟಿಯವಳ ಸೊಸೆಯ ವಿಷಯವೂ ಬಂತು. ಇದೆಲ್ಲ ಯಾವ ಕಂಪ್ಯೂಟರಿಗೆ ಬೇಕು ಎಂದುಕೊಂಡೆ. ಅರ್ಧ ಗಂಟೆ ಆದಮೇಲೆ ಹೊರಗೆ ಬಂದು ಹೇಳಿದಳು:

"ಇಸ್ಕೂಲ್ನಾಗೆ ಸೇರ್ಸುದ್ ಪುಸ್ತಕ ಅದಲ್ಲ ಸಾ, ಅದ್ರಲ್ಲಿ ನಾವಿಬ್ರೂ ಬ್ಯಾರೆಬ್ಯಾರೆ ನಂಬ್ರಲ್ಲಿ ಇರ್ತೀವಂತೆ. ಅದ್ರ ನಕಲು ಬೇಕಂತೆ. ಬರ್ಕಂಡ ಮೇಷ್ಟ್ರು ಬದ್ಕಿದ್ರೆ ಒಂದ್ ಕಾಗ್ದ ಬರುಸ್ಕಂಡು ಕಳ್ಸಿ ಅಂದ್ಲು."

"ಬದುಕಿದ್ದಾರೆ," ಅಂದೆ.

ಮಾರನೆಯ ದಿನ ಇಬ್ಬರೂ ಅವಳ ಊರಿನ ಶಾಲೆಗೆ ಹೋದೆವು. ನನ್ನ ಮೊದಲ ನೌಕರಿ ಅಲ್ಲೇ. ಈಗಿನ ಮುಖ್ಯೋಪಾಧ್ಯಾಯಿನಿ ಬೀರುವಿನಿಂದ ದಾಖಲಾತಿ ರಿಜಿಸ್ಟರು ತೆಗೆದು, ಧೂಳು ಕೊಡವಿ ಮೇಜಿನ ಮೇಲೆ ಇಟ್ಟರು. ನನ್ನದೇ ಅಕ್ಷರ, ದುಂಡಗೆ, ಮುದ್ದಾಗಿತ್ತು. ಆ ವರ್ಷ ಒಂದನೇ ತರಗತಿಗೆ ಸೇರಿದ ಅಷ್ಟೂ ಮಕ್ಕಳು ಜೂನ್ ಒಂದರಂದು ಹುಟ್ಟಿದ್ದರು. ಮುಂದಿನ ಪುಟದವರೂ ಅವತ್ತೇ ಹುಟ್ಟಿದ್ದರು. ಆ ಒಂದು ದಿನ ನಮ್ಮ ಸೂಲಗಿತ್ತಿಯ ಪಾಡು ಏನಾಗಿರಬೇಕು! ಮುಖ್ಯೋಪಾಧ್ಯಾಯಿನಿ ತುಟಿ ಬಿಗಿಹಿಡಿದು ನಗು ತಡೆದುಕೊಂಡರು.

ಆಗ ಎಲ್ಲ ಮೇಷ್ಟರುಗಳೂ ಹಾಗೇ ಬರೆಯುತ್ತಿದ್ದರು ಎಂದು ನಾನು ವಿವರಣೆ ಕೊಡತೊಡಗಿದೆ. ಶಾಲೆ ತೆರೆಯುವುದು ಜೂನಿನಲ್ಲಿ, ವಯಸ್ಸಿನ ಲೆಕ್ಕ ಸಲೀಸಾಗಿ ಕೂಡುತ್ತದೆ, ಹಳ್ಳಿಯವರಿಗೆ ಹುಟ್ಟಿದ ತಾರೀಕು ಎಲ್ಲಿ ಗೊತ್ತಿರುತ್ತದೆ ಎಂದೆಲ್ಲ ಹೇಳಿ, ಶಿಷ್ಯೆಯ ಕಡೆ ತಿರುಗಿದೆ.

"ನೀನೇ ಹೇಳವ್ವ, ನೀನು ಹುಟ್ಟಿದ್ದು ಯಾವತ್ತು ಅಂತ ಗೊತ್ತಾ?"

"ಗೊತ್ತು ಸಾ. ಸಂಕ್ರಾಂತಿ ಇಂದ್ಲ ದಿನ. ಕಣದಾಗೆ ರಾಗಿ ತೂರ್ತಿದ್ರಂತೆ, ನಮ್ಮವ್ವುಂಗೆ ಅಲ್ಲೇ ನೋವು ಬಂದದ್ದು. ಇಸ್ಕೂಲ್ಗೆ ಸೇರ್ಸುದ್ ದಿನ ನಮ್ಮಪ್ಪ ಇದ್ನ ನಿಮ್ತಾವ ಯೋಳಾಕೆ ಬಂದಿದ್ದ. ಕಣದ್ ಇಚಾರ ಸುರು ಮಾಡ್ತಿದ್ದಂಗೇ ನೀವು, 'ಅದೆಲ್ಲ ಬ್ಯಾಡ, ಬೆಲ್ ಆಯ್ತು, ಮುಂದ್ಲೋರು ಬನ್ನಿ' ಅಂದ್ಬುಟ್ರಿ."

ಅವಳ ದನಿಯಲ್ಲಿ ದೂರು ಇರಲಿಲ್ಲ. ನನಗೆ ಆ ಮನುಷ್ಯನ ನೆನಪೇ ಇರಲಿಲ್ಲ. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದು ನಿಂತವರು ಎಷ್ಟೋ ಜನ. ನಾಚಿಕೆಯಾಯಿತು. ಎರಡು ಮಾತು ಕೇಳಿಸಿಕೊಂಡಿದ್ದರೆ ಜನವರಿ ಹದಿಮೂರು ಎಂದು ಬರೆಯಬಹುದಿತ್ತು, ಐವತ್ತು ವರ್ಷದ ಮೇಲೆ ಯಾವ ಸಾಫ್ಟ್‌ವೇರೂ ಅವಳನ್ನು ನುಂಗುತ್ತಿರಲಿಲ್ಲ. ಇವರಿಬ್ಬರೂ ಬೇರೆ ಬೇರೆ ಹುಡುಗಿಯರು, ಜನ್ಮದಿನ ನಾನು ಅಂದಾಜಿನಲ್ಲಿ ಬರೆದದ್ದು, ತಪ್ಪು ನನ್ನದು ಎಂದು ಕಾಗದ ಬರೆದು ಸಹಿ ಹಾಕಿದೆ. ಸಹಿ ಮಾತ್ರ ಅಷ್ಟು ದುಂಡಗೆ ಬರಲಿಲ್ಲ.

ಕಾಗದ ಹೋಯಿತು, ಕಾರ್ಡು ಎರಡಾಯಿತು, ಆಪರೇಷನ್ನೂ ಆಯಿತು. ಎರಡು ವಾರ ಬಿಟ್ಟು ಅವಳು ಕಪ್ಪು ಕನ್ನಡಕ ಹಾಕಿಕೊಂಡು ಒಂದು ಚೊಂಬು ತುಪ್ಪ ಹಿಡಿದು ಮನೆಗೆ ಬಂದಳು. ಕನ್ನಡಕ ತೆಗೆದು ನನ್ನನ್ನೇ ನೋಡಿ, "ಬಾಳ ವಯ್ಸಾಗೋಗದೆ ಕಣ್ ಸಾ ನಿಮ್ಗೆ" ಅಂದಳು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಅದೇ ಅತ್ಯಮೂಲ್ಯ ಧ್ವನಿ. ನಮ್ಮ ಸಹಾಯವಾಣಿಯ ಸೇವೆಗೆ ಒಂದರಿಂದ ಐದರವರೆಗೆ ಅಂಕ ಕೊಡಿ ಎಂದಿತು.

"ಒಂದು ಒತ್ತು! ಸೊನ್ನೆ ಇದ್ದರೆ ಅದನ್ನೇ ಒತ್ತು!" ಎಂದು ನಾನು ಕೂಗಿದೆ.

ಅವಳು ಫೋನನ್ನು ಮುಖದ ಹತ್ತಿರ ಹಿಡಿದು, ತಾನೇ ಹುಡುಕಿ, ಐದನ್ನು ಒತ್ತಿದಳು.

"ನಾಲ್ಕು ಸಲ ಮೋಸ ಮಾಡಿದವರಿಗೆ ಐದಾ?"

"ಆ ಎಣ್ಮಗ್ಳು ನಾನ್ ಯೋಳಿದ್ನೆಲ್ಲ ಪೂರಾ ಕೇಳುಸ್ಕಂಡ್ಲು ಕಣ್ ಸಾ," ಅಂದಳು. "ನಮ್ಮಪ್ಪುಂಗೆ ಅಷ್ಟೂ ಸಿಕ್ನಿಲ್ಲ."

ಕಾಫಿಗೆ ಹೇಳಿ ಬರುತ್ತೇನೆಂದು ನಾನು ಒಳಗೆ ಎದ್ದುಹೋದೆ.