ಕೆರೆಯಿಂದ ಬಂದ ಇದ್ದಿಲಿನ ಗೆರೆ

ಮೊನ್ನೆ ಪಕ್ಕದ ಖಾಲಿ ಜಾಗದಲ್ಲಿ ಮನೆ ಕಟ್ಟುವವರು ನೀರು ತುಂಬಿದ ಪೈಪನ್ನು ಗೋಡೆಯಿಂದ ಗೋಡೆಗೆ ಹಿಡಿದು ಮಟ್ಟ ನೋಡುತ್ತಿದ್ದರು. ನಮ್ಮ ಮನೆ ಕಟ್ಟಿದ ಗೌಂಡಿ ಚಾಚಾ ನೆನಪಾಗಿ ನಗು ಬಂತು...

ರಾಯಚೂರಿನಲ್ಲಿ ಮೇಲೆ ಕೋಟೆಯ ಗುಡ್ಡ, ಕೆಳಗೆ ಕೆರೆ. ನಡುವಿನ ಇಳಿಜಾರಿನಲ್ಲಿ ನಮ್ಮ ಜಾಗ. ನೋಡುವವರಿಗೆ ಅದು ಎತ್ತರವೇ. ಅಜ್ಜಿಗೆ ಮೊಣಕಾಲು ನೋವು, ಹಾಗಾಗಿ ಎರಡು ಮೆಟ್ಟಿಲಿಗಿಂತ ಹೆಚ್ಚು ಬೇಡವೆಂದು ಅಪ್ಪ ಹಟ ಹಿಡಿದಿದ್ದರು. ಚಾಚಾ ಕೇಳಬೇಕಲ್ಲ. ಹಿಂದೆ ಕೆರೆ ಉಕ್ಕಿದಾಗ ನೀರು ಎಷ್ಟು ಏರಿತ್ತೋ ಅಳೆದು ನೋಡದೆ ಅಡಿಪಾಯ ಹಾಕುವುದಿಲ್ಲ ಎಂದುಬಿಟ್ಟರು. ದಂಡೆಯ ಹಳೆಯ ಗೋಡೆಯೊಂದರ ಮೇಲೆ ಆ ನೀರಿನ ಕಲೆ ಇನ್ನೂ ಇತ್ತು. ಅಲ್ಲಿಂದ ಪೈಪು ಹಿಡಿದು, ಕಂಡವರ ಗೋಡೆಗೆಲ್ಲ ಇದ್ದಿಲಿನಿಂದ ಗೆರೆ ಎಳೆಯುತ್ತಾ, ಬೈಸಿಕೊಳ್ಳುತ್ತಾ ಮೇಲೆ ಬಂದರು. ನಮ್ಮ ಜಾಗ ಮುಟ್ಟುವಾಗ ಗೆರೆ ಅಪ್ಪನ ತಲೆಗಿಂತ ಮೇಲಿತ್ತು.

“ಹಂಗಿದ್ರ ಮನಿ ಯಾಕ್ರೀ ಗೌಂಡೇರ, ದೋಣಿ ಕಟ್ರಿ,” ಅಂದರು ಅಪ್ಪ. ಇಡೀ ಓಣಿ ನಕ್ಕಿತು. ನಾನೂ ನಕ್ಕೆ, ಈಗ ನಾಚಿಕೆಯಾಗುತ್ತದೆ.

ಚಾಚಾ ಕಟ್ಟಿದ ಗೋಡೆ ಸೊಟ್ಟ ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಪೈಪು ಸುತ್ತಿಕೊಂಡು ಮನೆಗೆ ಹೋದರು. ಮರುದಿನ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಹಳೆಯ ಗೆರೆಗಳನ್ನೆಲ್ಲ ತಾವೇ ಒರೆಸಿ, ಕೆರೆಯಿಂದಲೇ ಮತ್ತೆ ಶುರು ಮಾಡಿದರು. ಈ ಸಲ ಗೆರೆ ಅಪ್ಪನ ಮೊಣಕಾಲಿಗೆ ಬಂದು ನಿಂತಿತು. ಓಣಿಯವರೆಲ್ಲ ಇರುವಾಗಲೇ ಹೇಳಿದರು:

“ನಿನ್ನಿ ಪೈಪಿನ್ಯಾಗ ಗಾಳಿ ಗುಳ್ಳಿ ಕುಂತಿತ್ರೀ, ನಾ ನೋಡಲಿಲ್ಲ. ತಪ್ಪು ನಂದು. ಖರೇ ಇವತ್ತಿನ ಗೆರಿ ತಪ್ಪಲ್ಲ. ಐದು ಮೆಟ್ಟಲ ಮಾಡ್ತೀನಿ, ಇಲ್ಲಾಂದ್ರ ಬ್ಯಾರೆ ಗೌಂಡಿನ್ನ ಕರೀರಿ.”

ಅಷ್ಟು ಜನರ ಮುಂದೆ ತಪ್ಪು ಒಪ್ಪಿಕೊಂಡವರ ಎದುರು ಅಪ್ಪನ ಹಟ ನಡೆಯಲಿಲ್ಲ. ಮುಂದೆ ಅಜ್ಜಿ ದಿನಾ ಮೆಟ್ಟಿಲಿಗೊಂದರಂತೆ ಚಾಚಾನಿಗೆ ಬೈಯುತ್ತಲೇ ಹತ್ತಿಳಿದಳು.

ಕೆಲವು ವರ್ಷಗಳ ನಂತರ ಮಳೆ ಹಿಡಿದುಕೊಂಡಿತು ನೋಡಿ, ಕೆರೆ ಓಣಿಗೇ ನುಗ್ಗಿತು. ನೀರು ಮೂರನೆಯ ಮೆಟ್ಟಿಲು ಮುಳುಗಿಸಿ ನಿಂತಿತು. ಅಜ್ಜಿ ಹೊಸ್ತಿಲಲ್ಲಿ ಕೂತು, ಮುಳುಗದೆ ಉಳಿದ ಎರಡು ಮೆಟ್ಟಿಲು ನೋಡಿದಳು. ನೀರಿಳಿದ ಮೇಲೆ ಹೋಳಿಗೆ ಮಾಡಿ, ಬಿಸಿ ಇರುವಾಗಲೇ ಚಾಚಾನ ಮನೆಗೆ ಕಳಿಸಿದಳು. ಬೈಗುಳ ಮಾತ್ರ ಬಿಡಲಿಲ್ಲ...

ಚಾಚಾ ತೀರಿಕೊಂಡು ಬಹಳ ದಿನವಾಯಿತು. ಹಳೆಯ ರಸ್ತೆಯ ಮೇಲೆ ಹೊಸ ರಸ್ತೆ ಹಾಕಿ ಹಾಕಿ ನಮ್ಮ ಮೂರು ಮೆಟ್ಟಿಲು ಹೂತುಹೋಗಿವೆ. ಮೋಡ ಕಟ್ಟಿದಾಗಲೆಲ್ಲ ಮಗಳು ಕೇಳುತ್ತಾಳೆ, ಈ ಸಲ ನೀರು ಒಳಗೆ ಬರುತ್ತದೆಯೇ ಎಂದು. ನನಗೆ ತಿಳಿಯದು. ಕೆರೆಯಿಂದ ಅಳೆದು ಹೇಳುವವರು ಈಗ ಇಲ್ಲ.